ಜೋಡಿ ಮನೆಯ ನಡುಗೋಡೆ ಯಾರ ಪಾಲಿಗೆ? ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ ಮತ್ತು ನಗರ ಯೋಜನೆಯ ಹೊಣೆ ಹೊತ್ತ ಎಲ್ಲ ಅಧಿಕಾರಿಗಳಿಗೆ,

ಮಾನ್ಯರೇ,

ಬಸವನಗುಡಿಯಲ್ಲಿ, ಗಾಂಧಿ ಬಜಾರಿನಿಂದ ಐದಾರು ನಿಮಿಷ ನಡೆದರೆ ಸಿಗುವ ಅಡ್ಡರಸ್ತೆಯೊಂದರಲ್ಲಿ, 1931ರಲ್ಲಿ ಕಟ್ಟಿದ ಒಂದು ಜೋಡಿ ಮನೆ ಇದೆ. ಅದರ ಬಲಗಡೆಯ ಪಾಲಿನಲ್ಲಿ ನಾನು ವಾಸವಾಗಿದ್ದೇನೆ. ಎಡಗಡೆಯ ಪಾಲು ಈಗ ಮಾರಾಟಕ್ಕಿದೆ. ಈ ಮನೆಯನ್ನು ನಮ್ಮ ತಾತನೂ ಅವರ ಅಣ್ಣನೂ ಸೇರಿ ಕಟ್ಟಿಸಿದರು. ಹೊರಗಿನಿಂದ ನೋಡಿದರೆ ಒಂದೇ ಮನೆ, ಒಂದೇ ಜಗಲಿ, ಒಂದೇ ಮಾಡು. ಮೆಟ್ಟಿಲು ಹತ್ತಿದರೆ ಪಕ್ಕಪಕ್ಕದಲ್ಲಿ ಎರಡು ಬಾಗಿಲು. ಇಂಥ ಮನೆಗಳು ಬಸವನಗುಡಿಯಲ್ಲೂ ಚಾಮರಾಜಪೇಟೆಯಲ್ಲೂ ಮಲ್ಲೇಶ್ವರದಲ್ಲೂ ಇನ್ನೂ ಅಲ್ಲಲ್ಲಿ ಉಳಿದಿರುವುದರಿಂದಲೂ, ನಮ್ಮ ಮನೆಗೆ ಈಗ ಬಂದಿರುವ ಕಷ್ಟ ನಾಳೆ ಅವುಗಳಿಗೂ ಬರುವಂಥದ್ದಾದ್ದರಿಂದಲೂ, ತಮಗೆ ಖಾಸಗಿಯಾಗಿ ಅರ್ಜಿ ಬರೆಯುವ ಬದಲು ಎಲ್ಲರೂ ಓದುವಂತೆ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಮಾರುತ್ತಿರುವವರ ಮೇಲೆ ನನ್ನ ದೂರಿಲ್ಲ. ಎಡಗಡೆಯ ಪಾಲು ದೊಡ್ಡ ತಾತನ ನಾಲ್ವರು ಮೊಮ್ಮಕ್ಕಳದು. ಇಬ್ಬರು ಹೊರದೇಶದಲ್ಲಿದ್ದಾರೆ, ಒಬ್ಬಳು ಪುಣೆಯಲ್ಲಿ, ಒಬ್ಬಳು ಮೈಸೂರಿನಲ್ಲಿ. ಎರಡು ವರ್ಷದ ಹಿಂದೆ ಅವರ ತಾಯಿ, ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದವರು, ತೀರಿಕೊಂಡ ಮೇಲೆ ಆ ಬಾಗಿಲಿಗೆ ಬೀಗ ಬಿದ್ದಿದೆ. ನಾಲ್ಕು ಜನಕ್ಕೆ ಒಂದು ಮನೆಯನ್ನು ನಾಲ್ಕು ತುಂಡು ಮಾಡಿ ಹಂಚಲಾಗುವುದಿಲ್ಲ. ಹೆಣ್ಣುಮಕ್ಕಳ ಪಾಲನ್ನು ಮಾತಿನಲ್ಲಿ ತೇಲಿಸಿಬಿಡುವ ಕಾಲ ಹೋಗಿ, ಅವರಿಗೂ ಸಮಪಾಲು ಸಲ್ಲಬೇಕೆಂದು ಕಾನೂನೇ ಹೇಳುವ ಕಾಲ ಬಂದಿರುವಾಗ, ಮಾರಿ ಹಣವನ್ನು ಹಂಚಿಕೊಳ್ಳುವುದೇ ಅವರಿಗೆ ನ್ಯಾಯವಾದ ದಾರಿ. ನಾನೂ ನನ್ನ ತಂದೆಯ ಆಸ್ತಿಯಲ್ಲಿ ಪಾಲು ಪಡೆದು ಇಲ್ಲಿ ಉಳಿದಿರುವ ಮಗಳೇ ಆದ್ದರಿಂದ ಆ ನ್ಯಾಯವನ್ನು ಪ್ರಶ್ನಿಸಲಾರೆ. ಆ ಪಾಲನ್ನು ನಾನೇ ಕೊಳ್ಳಬೇಕೆಂಬ ಆಸೆಯೂ ಇತ್ತು. ಆದರೆ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳ ಉಳಿತಾಯಕ್ಕೂ ಇವತ್ತಿನ ಬಸವನಗುಡಿಯ ದರಕ್ಕೂ ಎಲ್ಲಿಂದೆಲ್ಲಿಗೂ ಸಂಬಂಧವಿಲ್ಲ.

ಮಾರಾಟದ ಜಾಹೀರಾತನ್ನು ನನಗೂ ಕಳಿಸಿದ್ದರು. ಅದರಲ್ಲಿ ಮೂವತ್ತು–ಎಂಬತ್ತರ ಅಳತೆ, ಪೂರ್ವದಿಕ್ಕು, ಮೆಟ್ರೋ ಹತ್ತಿರ, ಖಾತಾ ಸರಿಯಾಗಿದೆ, ಬಿಲ್ಡರ್‌ಗಳಿಗೆ ಸೂಕ್ತ ಎಂದೆಲ್ಲ ಇತ್ತು. ಮನೆಯ ವಿಷಯಕ್ಕೆ ಸಿಕ್ಕಿದ್ದು ಎರಡೇ ಪದ: ‘ಹಳೆ ಕಟ್ಟಡ.’ ಕೊಳ್ಳಲು ಬಂದವರಲ್ಲಿ ಒಬ್ಬರು ಒಳಗೆ ಕಾಲಿಡುವ ಮೊದಲು ತೇಗದ ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡಿದರು. ಅವರಿಗೆ ಮನೆ ಹಿಡಿಸಿತೇನೋ ಎಂದುಕೊಂಡೆ. ಜೊತೆಗಿದ್ದ ದಲ್ಲಾಳಿ ನನ್ನ ಕಡೆ ತಿರುಗಿ, ‘ಮನೆಗೆ ಬೆಲೆ ಇಲ್ಲ ಮೇಡಂ, ಸೈಟಿಗೆ ಮಾತ್ರ. ಮರಕ್ಕೆ ಒಂದಿಷ್ಟು ಸಿಗುತ್ತೆ, ಕೆಡವೋ ಖರ್ಚಿಗೆ ವಜಾ ಆಗುತ್ತೆ’ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ತೊಂಬತ್ತಕ್ಕೂ ಹೆಚ್ಚು ವರ್ಷ ಎರಡು ಸಂಸಾರಗಳು ಬಾಳಿದ ಮನೆ ಲೆಕ್ಕದಲ್ಲಿ ಸೊನ್ನೆಯಾಗಿ ಬರುವಂತೆ ನಮ್ಮ ನಗರದ ನಿಯಮಗಳೇ ಲೆಕ್ಕ ಹಾಕುತ್ತವೆ.

ಈ ಪತ್ರದ ಮುಖ್ಯ ವಿಷಯ ನಮ್ಮ ನಡುಗೋಡೆ. ಎರಡು ಪಾಲುಗಳಿಗೂ ಇರುವುದು ಒಂದೇ ಗೋಡೆ, ಒಂದೂವರೆ ಅಡಿ ದಪ್ಪದ್ದು. ಅಡುಗೆಮನೆಗಳು ಸಂಧಿಸುವ ಕಡೆ ಆ ಗೋಡೆಯಲ್ಲಿ ಎರಡೂ ಬದಿಗೆ ಕದವಿರುವ ಒಂದು ಪುಟ್ಟ ಕಿಟಕಿ ಇದೆ. ಒಂದು ತಪ್ಪಲೆ ಹಿಡಿಸುವಷ್ಟು ಮಾತ್ರ ಅದರ ಅಗಲ. ಹುಳಿಯೋ ಗೊಜ್ಜೋ ಒಬ್ಬಟ್ಟೋ ಆ ಕಿಟಕಿಯಲ್ಲಿ ಈ ಕಡೆಯಿಂದ ಆ ಕಡೆಗೆ ಹೋಗುತ್ತಿತ್ತು. 1968ರಲ್ಲಿ ಆಸ್ತಿ ವಿಭಾಗವಾದಾಗ ದೊಡ್ಡವರಲ್ಲಿ ಮನಸ್ತಾಪ ಬಂದು ಕೆಲವು ವರ್ಷ ಮಾತು ನಿಂತುಹೋಗಿತ್ತು. ಆಗಲೂ ಒಂದು ಕಡೆ ಮೊಸರು ಕೆಟ್ಟರೆ ಮಾತ್ರ ಕದ ತೆರೆಯುತ್ತಿತ್ತು. ಒಂದು ಬಟ್ಟಲು ಹೆಪ್ಪು ಇಟ್ಟು, ಮಾತಿಲ್ಲದೆ, ಕದ ಮುಚ್ಚುತ್ತಿದ್ದರು. ಅಜ್ಜಿ ಆ ಬಟ್ಟಲನ್ನು ಬರಿದಾಗಿ ಹಿಂದಿರುಗಿಸಿದ್ದನ್ನು ನಾನು ನೋಡಲಿಲ್ಲ. ವಿಭಾಗಪತ್ರ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ‘ಬಾವಿಯ ನೀರಿನ ಹಕ್ಕು ಉಭಯತ್ರರಿಗೂ ಸೇರತಕ್ಕದ್ದು, ನಡುಗೋಡೆಯು ಉಭಯತ್ರರಿಗೂ ಸಮಾನವಾಗಿ ಸೇರತಕ್ಕದ್ದು’ ಎಂದು ಬರೆದಿದೆ. ಬರೆದವರಿಗೆ ಮನೆ ನಿಂತೇ ಇರುತ್ತದೆ ಎಂಬ ನಂಬಿಕೆಯಿತ್ತು. ಒಂದು ಪಾಲು ನೆಲಸಮವಾದರೆ ‘ಸಮಾನವಾಗಿ ಸೇರಿದ’ ಗೋಡೆಯ ಗತಿಯೇನು ಎಂಬ ಪ್ರಶ್ನೆ ಅವರಿಗೆ ಹೊಳೆಯಲೇ ಇಲ್ಲ.

ಆ ಗತಿಯೇನೆಂದು ತಿಳಿಯಬೇಕಾದರೆ ಈ ಮನೆ ಹೇಗೆ ನಿಂತಿದೆ ಎಂಬುದನ್ನು ನೋಡಬೇಕು. ಬುನಾದಿ ಕಲ್ಲಿನದು, ಮೇಲಿನದು ಇಟ್ಟಿಗೆ ಮತ್ತು ಸುಣ್ಣದ ಗಾರೆ. ಮುಂದಿನ ಜಗಲಿಗೂ ಕಿಟಕಿಗಳಿಗೂ ಚೂಪಾದ ಮರದ ಮುಸುಕು, ಬೆಂಗಳೂರಿನವರು ಮಂಕಿ ಟಾಪ್ ಎನ್ನುವುದು, ಅದರ ಮೇಲೆ ಮಂಗಳೂರು ಹೆಂಚು. ನಡುಮನೆಗೆ ಮದ್ರಾಸ್ ತಾರಸಿ: ತೇಗದ ತೊಲೆಗಳು, ಅವುಗಳ ಮೇಲೆ ಜಂತೆ, ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆ ಬಡಿದಿದ್ದಾರೆ. ಆ ತೊಲೆಗಳ ಒಂದು ತುದಿ ಹೊರಗೋಡೆಯ ಮೇಲೆ, ಇನ್ನೊಂದು ತುದಿ ನಡುಗೋಡೆಯೊಳಗೆ ಕೂತಿದೆ. ಅವರ ತೊಲೆಗಳೂ ಹಾಗೆಯೇ. ಒಂದೂವರೆ ಅಡಿ ಗೋಡೆಯೊಳಗೆ ನಮ್ಮ ತೊಲೆಯ ತುದಿಗೂ ಅವರ ತೊಲೆಯ ತುದಿಗೂ ನಡುವೆ ಒಂದು ಗೇಣು ಇದ್ದರೆ ಹೆಚ್ಚು. ಹೋದ ವರ್ಷ ಗೆದ್ದಲು ಪರೀಕ್ಷೆಗೆಂದು ಒಂದು ಕಡೆ ಗಾರೆ ಕಿತ್ತಾಗ ನಾನೇ ಕಣ್ಣಾರೆ ನೋಡಿದೆ. ನಮ್ಮ ಗುಣಿಯ ಆಚೆಗೆ ಕಪ್ಪಗೆ ಕಂಡದ್ದು ಅವರ ತೊಲೆಯ ಕೊನೆ.

ಎಡಗಡೆಯ ತೊಲೆಗಳನ್ನು ಎಳೆದು ತೆಗೆದರೆ ಗೋಡೆಯಲ್ಲಿ ಸಾಲಾಗಿ ಗುಣಿಗಳು ಬಾಯಿಬಿಡುತ್ತವೆ. ಎರಡೂ ಕಡೆಯಿಂದ ತೊಲೆಗಳು ಹಿಡಿದಿದ್ದ ಗೋಡೆಗೆ ಒಂದು ಕಡೆಯ ಹಿಡಿತ ತಪ್ಪುತ್ತದೆ. ಹೊಸ ಕಟ್ಟಡ ನಿಯಮದಂತೆ ಪಕ್ಕದಲ್ಲಿ ಸೆಟ್‌ಬ್ಯಾಕ್ ಎಂಬ ಖಾಲಿ ಜಾಗ ಬಿಟ್ಟು ಮೇಲೇಳುತ್ತದೆ, ಸರಿ. ಆದರೆ ಆ ಸಂದಿಯಲ್ಲಿ ಬೀಳುವ ಮಳೆಯೆಲ್ಲ ಮನೆಯ ಒಳಗೋಡೆಯೆಂದೇ ಕಟ್ಟಿದ, ಮಳೆಯನ್ನು ಒಮ್ಮೆಯೂ ಕಾಣದ ಸುಣ್ಣದ ಗೋಡೆಯ ಮೇಲೆ ಇಳಿಯುತ್ತದೆ. ಕಾರು ನಿಲ್ಲಿಸಲು ನೆಲ ಅಗೆದರೆ, ಎರಡು ಪಾಲಿಗೂ ಹರಡಿರುವ ಕಲ್ಲಿನ ಬುನಾದಿಯ ಅರ್ಧಭಾಗದ ಬದಿಯ ಮಣ್ಣೇ ಹೋಗುತ್ತದೆ. ಒಟ್ಟಿನಲ್ಲಿ ಜೋಡಿ ಮನೆಯ ಒಂದು ಪಾಲನ್ನು ಕೆಡವಲು ಕೊಟ್ಟ ಅನುಮತಿ ಇನ್ನೊಂದು ಪಾಲಿಗೂ ಕೊಟ್ಟ ಅನುಮತಿಯೇ ಆಗುತ್ತದೆ. ವ್ಯತ್ಯಾಸ ಇಷ್ಟೇ: ಎರಡನೆಯದು ನಾಲ್ಕಾರು ಮಳೆಗಾಲ ಕಳೆದ ಮೇಲೆ ಬೀಳುತ್ತದೆ, ಆಗ ಒಳಗೆ ಜನರಿರುತ್ತಾರೆ.

ಇದನ್ನು ತಡೆಯುವ ದಾರಿ ನನಗೆ ಈಗಿನ ಕಾನೂನಿನಲ್ಲಿ ಸಿಗಲಿಲ್ಲ. ವಿಭಾಗವಾಗದ ವಾಸದ ಮನೆಯಲ್ಲಿ ಒಬ್ಬರ ಪಾಲನ್ನು ಹೊರಗಿನವರು ಕೊಂಡು ವಿಭಾಗಕ್ಕೆ ದಾವೆ ಹೂಡಿದರೆ, ಕುಟುಂಬದವರು ಅದನ್ನು ಬೆಲೆ ಕೊಟ್ಟು ಹಿಂಪಡೆಯಬಹುದೆಂದು 1893ರ ವಿಭಾಗ ಕಾಯಿದೆಯ 4ನೇ ಕಲಮು ಹೇಳುತ್ತದೆ. ವಾರಸುದಾರರಲ್ಲಿ ಒಬ್ಬರು ತಮ್ಮ ಪಾಲನ್ನು ಮಾರಲು ಹೊರಟಾಗ ಉಳಿದವರಿಗೆ ಮೊದಲ ಹಕ್ಕನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 22ನೇ ಕಲಮು ಕೊಡುತ್ತದೆ. ಇವೆರಡೂ ಒಡೆತನ ಒಂದಾಗಿದ್ದವರ ರಕ್ಷಣೆಗೆ ಇರುವಂಥವು. ನಮ್ಮಲ್ಲಿ ಒಡೆತನ ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಬೇರೆಯಾಗಿದೆ, ಗೋಡೆ ಮಾತ್ರ ಬೇರೆಯಾಗಿಲ್ಲ. ಕಾಗದದ ಮೇಲೆ ಎರಡು ಸ್ವತ್ತು, ಎರಡು ಖಾತಾ, ಎರಡು ತೆರಿಗೆ ರಸೀದಿ. ನೆಲದ ಮೇಲೆ ಒಂದೇ ಕಟ್ಟಡ. ನಕ್ಷೆ ಮಂಜೂರು ಮಾಡುವ ಮೇಜಿನ ಮುಂದೆ ಬರುವುದು ಕಾಗದ ಮಾತ್ರ. 50×80 ಅಡಿಯವರೆಗಿನ ನಿವೇಶನಗಳಿಗೆ ‘ನಂಬಿಕೆ ನಕ್ಷೆ’ಯ ಹೆಸರಿನಲ್ಲಿ, ಸ್ವಯಂ ದೃಢೀಕರಣದ ಮೇಲೆ ತ್ವರಿತ ಮಂಜೂರಾತಿ ಕೊಡುವ ವ್ಯವಸ್ಥೆಯನ್ನು ನಾನು ಟೀಕಿಸುವುದಿಲ್ಲ, ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದವರಿಗೆ ಅದು ದೊಡ್ಡ ಅನುಕೂಲ. ಆದರೆ ಖಾಲಿ ನಿವೇಶನಕ್ಕೆ ಸಲ್ಲುವ ನಂಬಿಕೆ, ಪಕ್ಕದ ಮನೆಯನ್ನು ಹೆಗಲ ಮೇಲೆ ಹೊತ್ತು ನಿಂತಿರುವ ಗೋಡೆಗೆ ಸಲ್ಲಬಾರದು. ನಮ್ಮ ಬೀದಿಯಲ್ಲಿ ಇಷ್ಟು ವರ್ಷಗಳಲ್ಲಿ ಹಲವು ಮನೆಗಳು ಬಿದ್ದಿವೆ, ಪ್ರತಿ ಸಲವೂ ಪಕ್ಕದವರಿಗೆ ವಿಷಯ ಗೊತ್ತಾದದ್ದು ಜೆಸಿಬಿ ಬಂದು ನಿಂತ ಬೆಳಗ್ಗೆ.

ಬಸವನಗುಡಿ ಬದಲಾಗಬಾರದೆಂದು ನಾನು ಕೇಳುತ್ತಿಲ್ಲ. ಈ ಬಡಾವಣೆ ಹುಟ್ಟಿದ್ದೇ ಬದಲಾವಣೆಯಿಂದ. 1898ರಲ್ಲಿ ಊರಿಗೆ ಪ್ಲೇಗ್ ಬಂದಾಗ ಇಕ್ಕಟ್ಟಾದ ಪೇಟೆಯ ಬೀದಿಗಳಿಂದ ಜನ ಗಾಳಿ ಬೆಳಕಿರುವ ಕಡೆ ಹೋಗಿ ನೆಲೆಸಲೆಂದು ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳನ್ನು ಮಾಡಿದರು. ಚಾಮರಾಜಪೇಟೆ ಅದಕ್ಕೂ ಮೊದಲಿನದು, 1892ರದು. ಅಗಲ ರಸ್ತೆ, ಮನೆಯ ಮುಂದೆ ಬಿಟ್ಟ ಜಾಗ, ಎತ್ತರದ ಸೂರು, ಎದುರುಬದುರು ಕಿಟಕಿ, ಇವೆಲ್ಲ ಆ ಭಯ ಕಲಿಸಿದ ಪಾಠಗಳು. ಹಾಗೆಂದು ಆ ಚರಿತ್ರೆಯೆಲ್ಲ ಹೊಗಳುವಂಥದ್ದೂ ಅಲ್ಲ. ಮನೆಗಳ ಹಿಂದೆ ಓಡುವ ಕಿರಿದಾದ ಓಣಿಗಳನ್ನು ಕನ್ಸರ್ವೆನ್ಸಿ ಎನ್ನುತ್ತೇವೆ. ಮುಂಬಾಗಿಲಿಗೆ ಬರಲು ಬಿಡದ ಮನುಷ್ಯರು ಆ ಓಣಿಯಿಂದ ಬಂದು, ತಲೆಯ ಮೇಲೆ ಮಲದ ಬುಟ್ಟಿ ಹೊತ್ತು, ಆ ಓಣಿಯಿಂದಲೇ ಹೋಗುತ್ತಿದ್ದರು. ನಮ್ಮ ಹಿತ್ತಲಿನ ಆ ಚಿಕ್ಕ ಕದವನ್ನು ನಾನು ಇಟ್ಟುಕೊಂಡಿದ್ದೇನೆ, ನೋಡಲು ಬಂದ ಶಾಲೆಯ ಮಕ್ಕಳಿಗೆ ಅದನ್ನೂ ತೋರಿಸಿ ಅದು ಯಾತಕ್ಕಿತ್ತೆಂದು ಹೇಳುತ್ತೇನೆ. ಮನೆ ಹೋದರೆ ಹೇಳಲು ಸಾಕ್ಷಿಯೂ ಇರುವುದಿಲ್ಲ.

2017ರ ಜೂನ್‌ನಲ್ಲಿ ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೋ ಓಡಲಾರಂಭಿಸಿದ ದಿನ ನಮ್ಮ ಬೀದಿಯವರೆಲ್ಲ ಸಂತೋಷಪಟ್ಟೆವು. ಅದರ ಮರುವರ್ಷದಿಂದಲೇ ಮನೆ ಬಾಗಿಲಿಗೆ ದಲ್ಲಾಳಿಗಳ ಕಾರ್ಡು ಬೀಳಲು ಶುರುವಾಯಿತು. ಗಾಂಧಿ ಬಜಾರಿನ ಮುಖ್ಯರಸ್ತೆಯನ್ನು ಅಗೆದು ಹೊಸದಾಗಿ ಕಲ್ಲು ಹಾಸಿದರು, ಹೂವಿನವರೂ ಹಣ್ಣಿನವರೂ ತಿಂಗಳುಗಟ್ಟಲೆ ನೆಲೆ ತಪ್ಪಿ ಮತ್ತೆ ಬಂದು ಕೂತರು. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಈಗ ಊರಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಬಂದವರು ಬುಲ್ ಟೆಂಪಲ್ ರಸ್ತೆಯಿಂದ ಒಳಬೀದಿಗಳಿಗೆ ತಿರುಗಿ, ಹಳೆಯ ಜಗಲಿಗಳ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಬಡಾವಣೆಗೆ ಹೆಸರು ತಂದುಕೊಟ್ಟಿರುವ ಆ ಜಗಲಿಗಳಿಗೆ ಮಾತ್ರ ಬಡಾವಣೆಯ ಲೆಕ್ಕಪುಸ್ತಕದಲ್ಲಿ ಜಾಗವಿಲ್ಲ.

ಬೆಂಗಳೂರಿನ ಜನ ಹಳೆಯ ಕಟ್ಟಡಕ್ಕಾಗಿ ಎದ್ದು ನಿಂತದ್ದುಂಟು. 1980ರ ದಶಕದಲ್ಲಿ ಅಠಾರಾ ಕಚೇರಿಯನ್ನು ಕೆಡವುವ ಯೋಚನೆ ಬಂದಾಗ ನಾಗರಿಕರು ನ್ಯಾಯಾಲಯದವರೆಗೂ ಹೋಗಿ ಹೋರಾಡಿದ್ದರಿಂದಲೇ ಆ ಕೆಂಪು ಕಟ್ಟಡ ಇಂದಿಗೂ ಉಚ್ಚ ನ್ಯಾಯಾಲಯವಾಗಿ ನಿಂತಿದೆ. ಗಮನ ಕೊಡದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ, ಲಾಲ್‌ಬಾಗಿನೊಳಗೇ ಇದ್ದ ಕೃಂಬಿಗಲ್ ಸಭಾಂಗಣ, ಸರ್ಕಾರದ್ದೇ ಆಗಿದ್ದರೂ ಶಿಥಿಲವಾಗಿ, 2017ರಲ್ಲಿ ನೆಲಸಮವಾಯಿತು. ಕಚೇರಿ, ಅರಮನೆ, ಸಭಾಂಗಣಗಳ ಹೆಸರಾದರೂ ಜನರ ಬಾಯಲ್ಲಿ ಇರುತ್ತದೆ. ಗುಮಾಸ್ತರೂ ಮೇಷ್ಟ್ರುಗಳೂ ಸಾಲ ಮಾಡಿ ಕಟ್ಟಿಸಿದ ಮನೆಗಳಿಗೆ ಹೆಸರಿಲ್ಲ. ಆದರೆ ಬೀದಿ ಎನ್ನುವುದು ಅಂಥ ಮನೆಗಳಿಂದಲೇ ಆದದ್ದು.

ಹಣದ ಮಾತಿಗೆ ಬರುತ್ತೇನೆ, ಏಕೆಂದರೆ ಅದನ್ನು ಬಿಟ್ಟು ಮಾತಾಡಿದರೆ ಮಾರುವವರಿಗೆ ಅನ್ಯಾಯ. ರಸ್ತೆಯ ಅಗಲ ಮತ್ತು ನಿವೇಶನದ ಅಳತೆ ನೋಡಿ ಎಷ್ಟು ಕಟ್ಟಬಹುದೆಂಬ ಎಫ್‌ಎಆರ್ ನಿಗದಿಯಾಗುತ್ತದೆ. ನಮ್ಮಂಥ ಒಂದಂತಸ್ತಿನ ಮನೆ ಅದರಲ್ಲಿ ಒಂದು ಸಣ್ಣ ಪಾಲನ್ನಷ್ಟೇ ಬಳಸಿದೆ. ಬಳಸದೆ ಉಳಿದ ಆ ಹಕ್ಕಿಗೇ ಕೊಳ್ಳುವವರು ಹಣ ಕೊಡುವುದು, ಆ ಹಕ್ಕನ್ನು ಪಡೆಯಲು ಇರುವ ದಾರಿ ಕೆಡವುವುದೊಂದೇ. ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ಅಭಿವೃದ್ಧಿ ಹಕ್ಕುಗಳ ವರ್ಗಾವಣೆ, ಅಂದರೆ ಕಟ್ಟುವ ಹಕ್ಕನ್ನು ಬೇರೆ ಕಡೆ ಬಳಸಲು ಇಲ್ಲವೇ ಮಾರಲು ಬಿಡುವ ಟಿಡಿಆರ್, ಕೊಡುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಮುಂಬಯಿ 1995ರಲ್ಲೇ ಪಾರಂಪರಿಕ ಕಟ್ಟಡಗಳಿಗೆಂದು ನಿಯಮ ಮಾಡಿ, ಖಾಸಗಿ ಮನೆಗಳನ್ನೂ ದರ್ಜೆವಾರು ಪಟ್ಟಿಗೆ ಸೇರಿಸಿತು, ಅವುಗಳಿಗೆ ಟಿಡಿಆರ್ ದಾರಿಯನ್ನೂ ತೆರೆಯಿತು. 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ನಗರವೆಂದು ಗುರುತಿಸಿದ ಅಹಮದಾಬಾದಿನಲ್ಲಿ, ಪೋಳು ಎನ್ನುವ ಹಳೆಯ ಕೇರಿಗಳಲ್ಲಿ ಒಂದಕ್ಕೊಂದು ಗೋಡೆ ಹಂಚಿಕೊಂಡು ನಿಂತಿರುವ ಮರದ ಮನೆಗಳ ಒಡೆಯರು ತಮ್ಮ ಟಿಡಿಆರ್ ಮಾರಿ ಬಂದ ಹಣದಲ್ಲಿ ಅದೇ ಮನೆಯನ್ನು ದುರಸ್ತಿ ಮಾಡಿಕೊಳ್ಳಬಹುದು. ಅಲ್ಲಿ ಆಗುವುದು ಇಲ್ಲಿ ಆಗದಿರಲು ಕಾರಣ ನನಗೆ ಕಾಣುವುದಿಲ್ಲ. ಎಡಗಡೆಯ ಮನೆಯನ್ನು ನಿಲ್ಲಿಸಿಕೊಂಡೇ ಅದರ ಬಳಸದ ಹಕ್ಕನ್ನು ಬೇರೆ ಕಡೆಗೆ ಮಾರುವ ಅವಕಾಶವಿದ್ದಿದ್ದರೆ, ದೊಡ್ಡ ತಾತನ ಮೊಮ್ಮಕ್ಕಳಿಗೂ ನಷ್ಟವಾಗುತ್ತಿರಲಿಲ್ಲ, ಮನೆಯನ್ನು ಮನೆಯಾಗಿಯೇ ಕೊಳ್ಳುವವರ ಕೈಗೂ ಬೆಲೆ ಎಟುಕುತ್ತಿತ್ತು. ಅಂಥವರು ಇದ್ದಾರೆ. ಕೊಳ್ಳಲು ಬಂದವರಲ್ಲಿ ಒಂದು ಚಿಕ್ಕ ವಯಸ್ಸಿನ ದಂಪತಿ ಅರ್ಧ ಗಂಟೆ ಕೆಂಪು ನೆಲದ ಮೇಲೆ ಬರಿಗಾಲಲ್ಲಿ ಓಡಾಡಿದರು. ನೆಲ ಇಷ್ಟು ತಣ್ಣಗೆ ಹೇಗಿದೆ ಎಂದು ಆ ಹುಡುಗಿ ಕೇಳಿದಳು. ಬೆಲೆ ಕೇಳಿದ ಮೇಲೆ ಅವರು ಮತ್ತೆ ಬರಲಿಲ್ಲ.

ಮಾನ್ಯರೇ, ನಗರ ಇಂದಿಗೂ 2007ರಲ್ಲಿ ಅಂಗೀಕಾರವಾದ, 2015ರವರೆಗಿನ ಕಾಲಕ್ಕೆಂದು ಮಾಡಿದ ಮಹಾಯೋಜನೆಯ ಮೇಲೆ ನಡೆಯುತ್ತಿದೆ. 2031ಕ್ಕೆಂದು ತಯಾರಾದ ಕರಡು ವಾಪಸಾಯಿತು. 2025ರಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳೂ ಅವುಗಳ ಮೇಲೆ ತಮ್ಮ ಪ್ರಾಧಿಕಾರವೂ ಬಂದಿರುವ ಈ ಹೊತ್ತಿನಲ್ಲಿ ಹೊಸ ನಿಯಮ ಬರೆಯುವ ಅವಕಾಶ ತಮ್ಮ ಕೈಯಲ್ಲಿದೆ. ಆ ನಿಯಮಗಳಲ್ಲಿ ಜೋಡಿ ಮನೆ ಎಂಬ ಒಂದು ವರ್ಗವನ್ನು ಹೆಸರಿಸಿ ಸೇರಿಸಬೇಕೆಂಬುದು ನನ್ನ ಬೇಡಿಕೆ. ಒಡೆತನ ಎಷ್ಟು ಪಾಲಾಗಿದ್ದರೂ ಗೋಡೆ, ಬುನಾದಿ ಅಥವಾ ಮಾಡು ಹಂಚಿಕೊಂಡಿರುವ ಮನೆಗಳನ್ನು ಕೆಡವುವ ವಿಷಯದಲ್ಲಿ ಒಂದೇ ಕಟ್ಟಡವೆಂದು ಎಣಿಸಬೇಕು. ಅಂಥ ಕಟ್ಟಡದ ಒಂದು ಪಾಲಿಗೆ ಸ್ವಯಂ ದೃಢೀಕರಣದ ಮೇಲೆ ಮಂಜೂರಾತಿ ಕೊಡದೆ, ಒಬ್ಬ ಎಂಜಿನಿಯರ್ ಎರಡೂ ಕಡೆ ಒಳಹೊಕ್ಕು ನೋಡಿ, ಉಳಿಯುವ ಪಾಲಿಗೆ ಆಸರೆ ಹೇಗೆ, ಮಳೆನೀರಿಗೆ ತಡೆ ಹೇಗೆ, ಅದರ ಖರ್ಚು ಯಾರದು ಎಂದು ಬರೆದುಕೊಟ್ಟ ಮೇಲೆಯೇ ಮುಂದುವರಿಯಬೇಕು. ಪಕ್ಕದ ಪಾಲಿನವರಿಗೆ ಕನಿಷ್ಠ ತೊಂಬತ್ತು ದಿನಗಳ ಲಿಖಿತ ನೋಟಿಸು ಸಿಗಬೇಕು. ಇದು ನಾಳೆಯಿಂದಲೇ ಆಗಬಹುದಾದದ್ದು, ಇದಕ್ಕೆ ಮಹಾಯೋಜನೆ ಬರುವವರೆಗೆ ಕಾಯಬೇಕಾಗಿಲ್ಲ.

ಕಾಯಬಹುದಾದದ್ದು ಪಟ್ಟಿ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ, ಫ್ರೇಜರ್ ಟೌನುಗಳ ಹಳೆಯ ವಾಸದ ಮನೆಗಳನ್ನು ಬೀದಿ ಬೀದಿ ಸುತ್ತಿ ಪಟ್ಟಿ ಮಾಡುವುದು ದೊಡ್ಡ ಕೆಲಸವೆಂದು ಬಲ್ಲೆ. ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್‌ನಂಥ ಸಂಸ್ಥೆಯವರು ಈ ದಿಕ್ಕಿನಲ್ಲಿ ಮಾಡಿರುವ ಕೆಲಸ ತಮಗೆ ನೆರವಾದೀತು. ಆದರೆ ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡರೆ ಒಡೆಯರು ಶಾಪ ಹಾಕುತ್ತಾರೆ, ಅವರು ಹಾಗೆ ಮಾಡಿದರೆ ತಪ್ಪೆನ್ನಲಾರೆ. ಪಟ್ಟಿಯ ಜೊತೆಗೇ ಟಿಡಿಆರ್ ಬರಬೇಕು, ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಬರಬೇಕು, ಸುಣ್ಣದ ಗಾರೆಯ ಕೆಲಸ ಬಲ್ಲ ಕೆಲಸಗಾರರು ಸಿಗುವಂತಾಗಬೇಕು. ನಮ್ಮ ತಾರಸಿಯ ದುರಸ್ತಿಗೆ ಒಬ್ಬ ಹಿರಿಯ ಗಾರೆಯವರನ್ನು ಹುಡುಕಲು ನನಗೆ ಎಂಟು ತಿಂಗಳು ಹಿಡಿಯಿತು. ಅವರಿಗೆ ಎಪ್ಪತ್ತು ದಾಟಿದೆ. ತಮ್ಮ ಮಗ ಸಿಮೆಂಟ್ ಕೆಲಸ ಮಾತ್ರ ಮಾಡುತ್ತಾನೆ ಎಂದರು.

ಎಡಗಡೆಯ ಪಾಲಿಗೆ ಇನ್ನೂ ಕ್ರಯದ ಕರಾರು ಆಗಿಲ್ಲ. ಬರುವ ತಿಂಗಳಲ್ಲಿ ಆಗಬಹುದೆಂದು ಮೈಸೂರಿನ ತಂಗಿ ಫೋನಿನಲ್ಲಿ ಹೇಳಿದಳು, ಹೇಳುತ್ತಾ ಅತ್ತಳು. ಅದಕ್ಕೆ ಮೊದಲು ತಮ್ಮ ಕಚೇರಿಯಿಂದ ಯಾರಾದರೂ ಬಂದು ಈ ಗೋಡೆಯನ್ನು ಎರಡೂ ಕಡೆಯಿಂದ ನೋಡಬೇಕೆಂದು ಕೋರುತ್ತೇನೆ. ಬೆಳಗ್ಗೆ ಹತ್ತರ ಮೇಲೆ ಯಾವ ದಿನ ಬಂದರೂ ಸರಿ, ನಾನು ಮನೆಯಲ್ಲಿರುತ್ತೇನೆ. ಎಡಗಡೆಯ ಬಾಗಿಲಿನ ಬೀಗದ ಕೈಯನ್ನು ಅವರು ನನ್ನ ಹತ್ತಿರವೇ ಬಿಟ್ಟುಹೋಗಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಬಸವನಗುಡಿಯ ಜೋಡಿ ಮನೆಯೊಂದರ ಬಲಗಡೆ ಪಾಲಿನ ನಿವಾಸಿ, ನಿವೃತ್ತ ಶಿಕ್ಷಕಿ